ಬೋಲ್ಟಿನ ಮೇಲಿನ ಬಿಳಿ ಗೆರೆ

ಪೆಡಲ್ ಬಿಚ್ಚುವ ಸ್ಪ್ಯಾನರನ್ನು ಹಳೆಯ ಟವೆಲಿನಲ್ಲಿ ಎರಡು ಸುತ್ತು ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟೆ. ಹೋದ ವರ್ಷ ನನ್ನ ಎಡಗೈ ಮಣಿಕಟ್ಟು ಮುರಿದದ್ದು ಅದರಿಂದಲೇ. ಸುತ್ತದೆ ಇಟ್ಟರೆ ಅದು ದಾರಿಯಲ್ಲಿ ಸೈಕಲ್ ಫ್ರೇಮಿಗೆ ಬಡಿದು ಗೀರು ಬೀಳುತ್ತದೆ. ಫ್ರೇಮಿನ ಮೇಲೆ ಬಿದ್ದ ಗೀರು ಆಮೇಲೆ ನನ್ನ ಮೈಮೇಲೂ ಬೀಳುತ್ತದೆ.

ನನ್ನ ಗಂಡ ಸೈಕಲ್ ರೇಸಿನ ತಂಡವೊಂದರ ಮೆಕ್ಯಾನಿಕ್. ತಂಡದವರು ಅವರನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. ಎಂಥ ಹಟಮಾರಿ ಗೇರನ್ನಾದರೂ ತಾಳ್ಮೆಯಿಂದ ದಾರಿಗೆ ತರುವ ಕೈ ಎಂದು ಹೊಗಳುತ್ತಾರೆ. ಆ ತಾಳ್ಮೆಯೆಲ್ಲ ಗೇರಿಗೇ ಮುಗಿದುಹೋಗುತ್ತದೆ. ಅಂದು ಮಧ್ಯಾಹ್ನದ ವಿಮಾನದಲ್ಲಿ ಅವರು ಹನ್ನೊಂದು ದಿನದ ರೇಸಿಗೆ ಹೊರಟಿದ್ದರು. ನಾಲ್ಕು ಗಂಟೆಗೆ ಅಕ್ಕ ಕಾರು ತರುವಳು. ಶಾಲೆಯಿಂದ ಮಗಳನ್ನು ಕರೆದುಕೊಂಡು ನಾವು ಈ ಮನೆ ಬಿಟ್ಟು ಹೋಗುವುದು, ಮತ್ತೆ ಬಾರದ ಹಾಗೆ. ಅದಕ್ಕೆ ಬೇಕಾಗಿದ್ದುದು ಒಂದೇ: ಅವರು ವಿಮಾನ ಹತ್ತಬೇಕು.

ಹೋದ ವರ್ಷ ಹತ್ತಲಿಲ್ಲ. ಚೈನು ತೊಳೆಯುವ ಸ್ಪ್ರೇ ಡಬ್ಬಿ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಇವರು ಜಗಳಕ್ಕೆ ನಿಂತು, ವಿಮಾನ ತಪ್ಪಿಸಿಕೊಂಡು, ಮೂರೇ ಗಂಟೆಯಲ್ಲಿ ಬಾಗಿಲಲ್ಲಿದ್ದರು. ಮಂಚದ ಮೇಲೆ ನನ್ನ ಬ್ಯಾಗು ಅರ್ಧ ತುಂಬಿತ್ತು. ಆಮೇಲಿನದು ಸ್ಪ್ಯಾನರಿನ ಕೆಲಸ.

ಅದಕ್ಕೇ ಈ ಸಲ ವಿಮಾನದವರ ನಿಯಮಗಳನ್ನು ಪರೀಕ್ಷೆಗೆ ಓದುವವಳಂತೆ ಓದಿದ್ದೆ. ಪಂಕ್ಚರ್ ಸಲ್ಯೂಷನ್ ಬೆಂಕಿ ಹಿಡಿಯುವಂಥದ್ದು, ಹೊರಗಿಟ್ಟೆ; ಬದಲಿಗೆ ಹಾಗೇ ಅಂಟುವ ತೇಪೆಗಳನ್ನು ಹಾಕಿದೆ. ಚೈನಿನ ಎಣ್ಣೆ ಸುಲಭವಾಗಿ ಉರಿಯದ ಜಾತಿಯದು ಎಂದು ಲೇಬಲ್ ಓದಿ ಖಾತ್ರಿ ಮಾಡಿಕೊಂಡು, ಮುಚ್ಚಳಕ್ಕೆ ಟೇಪು ಸುತ್ತಿ ಎರಡು ಚೀಲದೊಳಗೆ ಕಟ್ಟಿದೆ. ಬಿಡಿ ಬ್ಯಾಟರಿಗಳ ತುದಿಗೆ ಟೇಪು ಅಂಟಿಸಿ ಕೈಚೀಲಕ್ಕೆ ಹಾಕಿದೆ. ಚೂಪಾದದ್ದು, ಭಾರದ್ದು ಎಲ್ಲ ಪೆಟ್ಟಿಗೆಗೆ.

ಅವರು ಸ್ನಾನಕ್ಕೆ ಹೋಗಿದ್ದರು. ಫ್ರೇಮನ್ನು ಸರಿಯಾಗಿ ಕೂರಿಸಲು ಎತ್ತಿದೆ, ಒಳಗೆ ಏನೋ ಮೆಲ್ಲಗೆ ಬಡಿಯಿತು. ಬೋಲ್ಟ್ ಸಡಿಲಿಸಿ ಸೀಟಿನ ಕಂಬವನ್ನು ಎಳೆದೆ. ಕೊಳವೆಯೊಳಗೆ, ಬಟ್ಟೆಚೂರಿನಲ್ಲಿ ಸುತ್ತಿದ ನಾಲ್ಕು ಗ್ಯಾಸ್ ಸಿಲಿಂಡರ್, ಒಂದೊಂದೂ ಹೆಬ್ಬೆರಳಿನಷ್ಟು. ಟೈರಿಗೆ ಕ್ಷಣದಲ್ಲಿ ಗಾಳಿ ತುಂಬುವಂಥವು. ಈ ವಿಮಾನದವರು ಅವು ಬೇಡವೇ ಬೇಡ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ನಾಲ್ಕನ್ನೂ ಕುರ್ತಾದ ಜೇಬಿಗೆ ಹಾಕಿಕೊಂಡು ಬೋಲ್ಟ್ ಬಿಗಿದೆ.

ಬಿಗಿದ ಬೋಲ್ಟಿಗೂ ಫ್ರೇಮಿಗೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಅವರ ಪದ್ಧತಿ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಆರು ವರ್ಷದಿಂದ ನೋಡುತ್ತ ಬಂದಿದ್ದೇನೆ. ಅವತ್ತು ಮರೆತೆ.

ಟವೆಲಿನಲ್ಲಿ ತಲೆ ಒರೆಸುತ್ತ ಬಂದವರು ಬಗ್ಗಿ ಗೆರೆ ನೋಡಿದರು. ನನ್ನ ಕೂದಲು ಹಿಡಿದು ಹಣೆಯನ್ನು ಪೆಟ್ಟಿಗೆಯ ಅಂಚಿಗೆ ಚಚ್ಚಿದರು, ಇನ್ನೊಮ್ಮೆ ಚಚ್ಚಿದರು. ಜೇಬಿನಿಂದ ಒಂದು ಸಿಲಿಂಡರ್ ಜಾರಿ ನೆಲದ ಮೇಲೆ ಉರುಳಿತು.

"ಕಾಲೇಜು ಓದಿದೋಳು, ನನಗೇ ಪಾಠ ಹೇಳ್ತೀಯಾ?"

"ಸಿಕ್ಕಿದ್ರೆ ತಡೀತಾರೆ ರೀ. ಹೋದ ಸಲದ ಥರ."

"ಪೈಪಿನೊಳಗೆ ಇಣುಕಿ ನೋಡೋಕೆ ಅವರೇನು ನಿಮ್ಮಪ್ಪನಾ?"

ಗೇರಿನ ಚಕ್ರ ಬಿಚ್ಚಲು ಅವರ ಬಳಿ ಒಂದು ಕಬ್ಬಿಣದ ಪಟ್ಟಿಯಿದೆ, ತುದಿಯಲ್ಲಿ ಗೇಣುದ್ದ ಚೈನು. ಅದನ್ನು ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿದ್ದೆ. ಅವರು ಬಟ್ಟೆ ಬಿಚ್ಚಿ ಬೆನ್ನಿಗೆ ಬೀಸಿದರು. ನಾಲ್ಕರವರೆಗೆ ಎಣಿಸಿದೆ. ಆಮೇಲೆ ಒದೆತ ಪಕ್ಕೆಗೆ ಬಿತ್ತು, ಉಸಿರು ಸಿಗಲಿಲ್ಲ, ಎಣಿಕೆ ತಪ್ಪಿತು. ಕಣ್ಣು ಬಿಟ್ಟಾಗ ಅವರು ಮಂಡಿಯೂರಿ ಕೂತು ಸಿಲಿಂಡರ್‌ಗಳನ್ನು ಒಂದೊಂದಾಗಿ ಕೊಳವೆಗೆ ಇಳಿಸುತ್ತಿದ್ದರು. ಬೋಲ್ಟ್ ಬಿಗಿದು, ಹೊಸ ಗೆರೆ ಎಳೆದು, ಅದು ಒಣಗಲಿ ಎಂದು ಊದಿದರು. ಪೆಟ್ಟಿಗೆಗೆ ಬೀಗ ಹಾಕಿ, ಅಂಚಿನ ರಕ್ತ ಒರೆಸು ಎಂದರು. ಒರೆಸಿದೆ. ಹತ್ತು ಗಂಟೆಗೆ ಟ್ಯಾಕ್ಸಿ ಬಂತು.

ಟ್ಯಾಕ್ಸಿ ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ಅವರು ಸಿಕ್ಕಿಬೀಳುವುದು ಖಚಿತ. ಸಿಕ್ಕಿಬಿದ್ದರೆ ಒಂದು ಗಂಟೆಗೆಲ್ಲ ಈ ಬಾಗಿಲಲ್ಲಿರುತ್ತಾರೆ. ಅಕ್ಕನಿಗೆ ಫೋನು ಮಾಡಿ, ನಾಲ್ಕಕ್ಕಲ್ಲ, ಈಗಲೇ ಬಾ ಎಂದೆ. ಅವಳು ಗಂಟೆಯೊಳಗೆ ಬಂದಳು. ಕಾರು ನಿಲ್ಲಿಸಿ, ನನ್ನ ಹಣೆ ನೋಡಿ, ಹಿಂದಿನ ಬಾಗಿಲು ತೆರೆದಳು.

ಶಾಲೆಯ ದಾರಿ ಅರ್ಧ ಆಗಿತ್ತು. ಗುರುತಿಲ್ಲದ ನಂಬರಿನಿಂದ ಕರೆ ಬಂತು. ವಿಮಾನ ನಿಲ್ದಾಣದ ಭದ್ರತೆಯ ಅಧಿಕಾರಿ, ಹೆಂಗಸಿನ ದನಿ. ಹಿಂದೆ ನನ್ನ ಗಂಡ ಕೂಗಾಡುವುದು ಕೇಳುತ್ತಿತ್ತು.

"ಸ್ಕ್ಯಾನಲ್ಲಿ ಪೈಪಿನೊಳಗೆ ಗುಂಡಿನ ಥರ ನಾಲ್ಕು ಕಾಣಿಸ್ತು. ಬಚ್ಚಿಟ್ಟಿದ್ದು ಯಾಕೆ ಅಂದ್ರೆ, ಹೆಂಡತಿ ಪ್ಯಾಕ್ ಮಾಡಿದ್ದು, ನನಗೇನೂ ಗೊತ್ತಿಲ್ಲ ಅಂತಾರೆ. ನೀವೇನಾ ಮಾಡಿದ್ದು?"

ಮಾತನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿಕೊಂಡೆ.

"ಮಿಕ್ಕಿದ್ದೆಲ್ಲ ನಾನೇ. ಆ ನಾಲ್ಕನ್ನ ನಾನು ಹೊರಗೆ ತೆಗೆದಿದ್ದೆ. ಅದಕ್ಕೆ ನನ್ನ ತಲೆ ಒಡೆದು, ಅವರೇ ವಾಪಸ್ ಹಾಕಿದ್ರು. ಪೆಟ್ಟಿಗೆ ಬೀಗದ ಹತ್ರ ನೋಡಿ ಮೇಡಂ. ಅಲ್ಲಿ ರಕ್ತ ನಾನು ಒರೆಸಿಲ್ಲ."

ಪೆಟ್ಟಿಗೆ ಹೊರಳಿಸಿದ ಸದ್ದು. ಕೂಗಾಟ ಒಮ್ಮೆಗೇ ನಿಂತಿತು.

"ಈಗ ಎಲ್ಲಿದ್ದೀರಮ್ಮ?"

"ದಾರೀಲಿ. ಅವರನ್ನ ಎಷ್ಟು ಹೊತ್ತು ಇಟ್ಕೊಳ್ತೀರಿ?"

ಒಂದು ಬಾಗಿಲು ಮುಚ್ಚಿದ ಶಬ್ದವಾಯಿತು. ದನಿ ಈಗ ಹತ್ತಿರದಿಂದ, ತಗ್ಗಿ ಬಂತು.

"ನಿಮಗೆ ಎಷ್ಟು ಹೊತ್ತು ಬೇಕು?"

ಶಾಲೆಯ ಗೇಟು ಕಾಣಿಸಿತು. ಅಕ್ಕ ಎಂಜಿನ್ ಆರಿಸಲಿಲ್ಲ.

"ಸಂಜೆ ತನಕ," ಎಂದು ಹೇಳಿ ಕೆಳಗಿಳಿದೆ.