ಅರವತ್ತರಲ್ಲಿ ಹತ್ತು

ಬಸ್ ಡ್ರೈವರ್ ಆಗಿದ್ದ, ಸಿಗರೇಟನ್ನೂ ಮುಟ್ಟದ ತನ್ನ ತಮ್ಮನು ಡಿಪೋದ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದನೆಂದು ಗಣಿತದ ಟೀಚರಿಗೆ ಸುದ್ದಿ ಬಂತು. ಮಾದಕವಸ್ತು ಸೇವಿಸುವ ಚಾಲಕರನ್ನು ಪತ್ತೆಹಚ್ಚಲೆಂದು ಡಿಪೋದವರು ಎಲ್ಲರನ್ನೂ ಪರೀಕ್ಷಿಸಿದ್ದರು. ಮರುದಿನವೇ ಅವನನ್ನು ಬಸ್ಸಿನಿಂದ ಇಳಿಸಿದರು.

ಅಕ್ಕ ನೇರವಾಗಿ ಡಿಪೋ ಮ್ಯಾನೇಜರ್ ಬಳಿ ಹೋದಳು. ಕೆಟ್ಟ ಮನುಷ್ಯನೇನಲ್ಲ, ಕುರ್ಚಿ ಎಳೆದು ಕೂರಿಸಿದ.

"ಟೀಚರೇ, ಈ ಪರೀಕ್ಷೆ ನೂರಕ್ಕೆ ತೊಂಬತ್ತೈದು ಸಲ ಸರಿ ಹೇಳುತ್ತೆ. ಅಂದ್ಮೇಲೆ ನಿಮ್ಮ ತಮ್ಮ ತಗೊಂಡಿರೋದು ನೂರಕ್ಕೆ ತೊಂಬತ್ತೈದು ಪಾಲು ನಿಜ ತಾನೇ?"

"ಅಲ್ಲ ಸಾರ್, ಅದು ಬೇರೆ ಪ್ರಶ್ನೆ, ಇದು ಬೇರೆ ಪ್ರಶ್ನೆ. ಸಾವಿರ ಡ್ರೈವರ್‌ಗಳಲ್ಲಿ ನಿಜವಾಗಿ ತಗೊಳ್ಳೋರು ಹತ್ತು ಜನ ಅಂತಿಟ್ಕೊಳ್ಳಿ. ಹತ್ತೂ ಜನ ಸಿಕ್ಕಿಬಿದ್ರು. ಉಳಿದ ಒಂಬೈನೂರ ತೊಂಬತ್ತು ಜನರಲ್ಲಿ ನೂರಕ್ಕೆ ಐದು ಜನರ ವಿಷಯದಲ್ಲಿ ಪರೀಕ್ಷೆ ತಪ್ಪುತ್ತೆ. ಅಲ್ಲಿಗೆ ಹತ್ತಿರ ಹತ್ತಿರ ಐವತ್ತು ಜನ ಸುಮ್ಮಸುಮ್ಮನೆ ಸಿಕ್ಕಿಬಿದ್ರು. ಒಟ್ಟು ಅರವತ್ತು, ಅದರಲ್ಲಿ ತಪ್ಪು ಮಾಡಿದೋರು ಹತ್ತೇ."

ಮ್ಯಾನೇಜರ್ ಕೆನ್ನೆ ಕೆರೆದುಕೊಂಡ. "ಸರಿ, ಹಾಗಾದ್ರೆ ಅರವತ್ತೂ ಜನರ ಕೈಗೆ ಬಸ್ ಕೊಟ್ಬಿಡ್ಲಾ? ಆ ಹತ್ತರಲ್ಲೊಬ್ಬ ಬಸ್ಸನ್ನ ಹಳ್ಳಕ್ಕಿಳಿಸಿದ್ರೆ ಜನಕ್ಕೆ ನಿಮ್ಮ ಲೆಕ್ಕ ಹೇಳ್ಲಾ?"

ಹಾಗಾದರೆ ಅವನನ್ನು ಇನ್ನೊಮ್ಮೆ ಪರೀಕ್ಷಿಸಿ ಎಂದಳು ಅಕ್ಕ. "ಆವತ್ತಿನ ಸ್ಯಾಂಪಲ್ ಚೆಲ್ಲಿಬಿಟ್ಟಿದ್ದಾರಮ್ಮ. ತಗೊಂಡಿದ್ರೂ ಈಗ ಮೈಯಲ್ಲಿ ಏನೂ ಉಳಿದಿರಲ್ಲ" ಎಂದು ಅವನು ಎದ್ದು ನಿಂತ.

ತಮ್ಮನ ಮನೆಯಲ್ಲಿ ಅವನ ಹೆಂಡತಿ ಒಲೆ ಆರಿಸಿ ಕಾಯುತ್ತಿದ್ದಳು. ಅವಳ ಮನಸ್ಸು ಹಗುರಾಗಲೆಂದು ಅಕ್ಕ ಅದೇ ಲೆಕ್ಕವನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ಅವಳು ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು.

"ಅಂದ್ರೆ ಅತ್ತಿಗೆ, ಆರರಲ್ಲಿ ಒಂದು ಪಾಲು ಇವರು ತಗೊಂಡಿರಬಹುದು ಅಂತ ನೀವೂ ಹೇಳ್ತಿದ್ದೀರಾ?"

"ಅಯ್ಯೋ, ಅದು ಗುರುತು ಪರಿಚಯ ಇಲ್ಲದೋರ ಲೆಕ್ಕ ಕಣೇ! ಇವನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು ನಾನು..."

"ಲೆಕ್ಕ ಬೇಡ. ಇಲ್ಲ ಅಂತ ಒಂದು ಮಾತು ಹೇಳಿ ಸಾಕು."

"ಇಲ್ಲ" ಎಂದಳು ಅಕ್ಕ. ಆದರೆ ಹೇಳುವ ಮುಂಚೆ ಒಂದು ಗಳಿಗೆ ತಡವರಿಸಿದ್ದಳು. ಬಾಗಿಲಲ್ಲಿ ನಿಂತಿದ್ದ ತಮ್ಮ ಅದನ್ನು ನೋಡಿಬಿಟ್ಟಿದ್ದ.

"ಬಿಡಕ್ಕ, ನೀನಾದ್ರೂ ಏನು ಮಾಡ್ತೀಯ" ಎಂದು ಅವನು ಒಳಗೆ ಹೋದ.

ಡಿಪೋದವರು ಅವನನ್ನು ಬಸ್ ತೊಳೆಯುವ ಕೆಲಸಕ್ಕೆ ಹಾಕಿದರು. ಈಗ ಪ್ರತಿ ಸಂಜೆ ಅವನು ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದ ಕೂಡಲೇ ಹೆಂಡತಿ ಅವನ ಕಣ್ಣು ಕೆಂಪಾಗಿದೆಯೇ ಎಂದು ಒಮ್ಮೆ ದಿಟ್ಟಿಸಿ ನೋಡುತ್ತಾಳೆ. ಅವನು ಸುಮ್ಮನೆ ನಿಂತು ನೋಡಿಸಿಕೊಳ್ಳುತ್ತಾನೆ.