ಭವ್ಯಾಳ ಕುರ್ಚಿಯಲ್ಲಿ ಕೂತ ಮರಳಿನ ಚೀಲ

ಹಿನ್ನೀರಿನ ದಡದಲ್ಲಿ ಬದುಕುವವರ ಕಷ್ಟವನ್ನು ಹಿನ್ನೀರಿನವರಿಗೇ ಹೇಳಬೇಕಾಗಿಲ್ಲ. ಆಚೆ ದಡದ ರಸ್ತೆ ಕಣ್ಣಿಗೆ ಕಾಣುತ್ತದೆ, ಬಸ್ಸಿನ ಹಾರನ್ ಕೂಡ ಕೇಳುತ್ತದೆ, ನಡುವೆ ಮಾತ್ರ ನೀರು. ಸುತ್ತಿ ಹೋದರೆ ಅರ್ಧ ದಿನ, ದಾಟಿ ಹೋದರೆ ಅರ್ಧ ಗಂಟೆ.

ಹಾರೆಗುಡ್ಡೆಯ ಕೆರಿಯಪ್ಪನವರ ಮನೆಯಲ್ಲಿ ಈ ವರ್ಷ ಅದೇ ಚಿಂತೆ. ಸೊಸೆ ಭವ್ಯಾಗೆ ಏಳು ತಿಂಗಳು. ಹೆರಿಗೆಯ ದಿನ ಬರುವುದು ಸರಿಯಾಗಿ ಮಳೆಗಾಲದ ಮೊದಲ ಗಾಳಿಯ ಹೊತ್ತಿಗೆ. ಮನೆಯಲ್ಲಿ ಒಂದು ಹಳೆ ಮರದ ದೋಣಿ ಇದೆ, ಅದಕ್ಕೆ ಹುಟ್ಟು ಹಾಕುವ ತೋಳು ಕೆರಿಯಪ್ಪನವರದು. ದೋಣಿಗೂ ತೋಳಿಗೂ ವಯಸ್ಸಾಗಿದೆ. ಹಾಗಾಗಿ ಮೋಟರ್ ದೋಣಿ ಕೊಳ್ಳುವುದೆಂದು ತೀರ್ಮಾನವಾಯಿತು.

ಮಗ ರಾಜೇಂದ್ರ ತೀರ್ಥಹಳ್ಳಿ ಕಡೆ ಒಂದು ದೋಣಿ ನೋಡಿದ. ಅಪ್ಪನನ್ನೂ ಕರೆದುಕೊಂಡು ಹೋಗಿ ತೋರಿಸಿದ. ಹೊಳೆಯಲ್ಲಿ ಜನರನ್ನು ಸುತ್ತಾಡಿಸುತ್ತಿದ್ದ ದೋಣಿ ಅದು. ಅಗಲವಾದ ಚಪ್ಪಟೆ ತಳ, ನೀಲಿ ಬಣ್ಣ, ಸಾಲಾಗಿ ಬೋಲ್ಟ್ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಎಲ್ಲಕ್ಕಿಂತ ಹೆಚ್ಚಾಗಿ, ಮೇಲೊಂದು ತಗಡಿನ ಮಾಡು! ಮಲೆನಾಡಿನವರಿಗೆ ಮಾಡು ಕಂಡರೆ ಮನಸ್ಸು ಕರಗುತ್ತದೆ. ನಮ್ಮಲ್ಲಿ ಕಟ್ಟಿಗೆಗೂ ಮಾಡು, ಗೊಬ್ಬರಕ್ಕೂ ಮಾಡು. ದೋಣಿಗೆ ಬೇಡವೇ? ಕೆರಿಯಪ್ಪನವರು ಒಂದೇ ನೋಟಕ್ಕೆ ಸೋತರು.

ಮಾರನೆಯ ದಿನ ಆಶಾ ಕಾರ್ಯಕರ್ತೆ ಪುಷ್ಪಮ್ಮ ಭವ್ಯಾಳನ್ನು ನೋಡಲು ಬಂದರು. ಪುಷ್ಪಮ್ಮ ವಾರದಲ್ಲಿ ಮೂರು ಸಲ ಹಿನ್ನೀರು ದಾಟುವವರು. ಅವರ ಸ್ವಸಹಾಯ ಸಂಘದವರು ಸೇರಿ ಒಂದು ಮೋಟರ್ ದೋಣಿ ಇಟ್ಟುಕೊಂಡಿದ್ದಾರೆ.

"ದೋಣಿ ಸಿಕ್ತು ಪುಷ್ಪಮ್ಮ," ಎಂದರು ಕೆರಿಯಪ್ಪ. "ಒಳ್ಳೆ ಬಸ್ಸಿನಂಗೆ ಇದೆ. ಕುರ್ಚಿ, ಮಾಡು, ಎಲ್ಲ ಐತೆ. ನಮ್ಮ ಸೊಸೆ ಒಂದು ಹನಿ ನೆನೀದೆ ದಾಟ್ತಾಳೆ."

"ಯಾವ ಹೊತ್ತಲ್ಲಿ ನೋಡಿದ್ರಿ ಕೆರಿಯಣ್ಣ?"

"ಬೆಳಿಗ್ಗೆ. ಹೊಳೇಲಿ ಒಂದು ಸುತ್ತು ಹೋಗಿ ಬಂದ್ವಿ. ತೊಟ್ಟಿಲು ತೂಗಿದಂಗೆ ಹೋಯ್ತು."

"ಹೊಳೇಲಿ ಬೆಳಿಗ್ಗೆ ನನ್ನ ಹಂಡೆನೂ ಹಂಗೇ ಹೋಗ್ತದೆ," ಎಂದರು ಪುಷ್ಪಮ್ಮ. "ನಮ್ಮ ನೀರು ಹೊಳೆಯಲ್ಲ. ಊಟದ ಹೊತ್ತು ಕಳೀತಿದ್ದಂಗೆ ಪಡುಗಾಳಿ ಎದ್ರೆ ಅಲೆ ಎಷ್ಟು ಎತ್ತರ ಏಳ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಆ ತಗಡಿನ ಮಾಡು ಗಾಳಿಗೆ ಎದೆ ಕೊಡ್ತದೆ. ದೋಣಿ ವಾಲ್ತದೆ. ನಾವೂ ಮೊದಲು ಮಾಡು ಹಾಕ್ಸಿದ್ವಿ. ಒಂದು ದಿನ ಹೆದರಿ, ದಡಕ್ಕೆ ಬಂದವ್ರೇ ಕಿತ್ತು ಹಾಕಿದ್ವಿ."

ಕೆರಿಯಪ್ಪನವರಿಗೆ ಸಿಟ್ಟು ಬಂತು. "ಹುಟ್ಟಿದಾಗಿಂದ ಈ ನೀರಲ್ಲಿದೀನಿ. ಇದರ ಅಡಿಗೆ ನಮ್ಮಪ್ಪನ ಗದ್ದೆ ಐತೆ. ಶರಾವತಿ ನಮಗೆ ಎಂತ ಮಾಡ್ತಾಳೆ? ಮಳೆ ಬಂದ್ರೆ ಬಸುರಿ ಹೆಂಗಸು ನೆನೀಬೇಕಾ?"

"ನೆಂದ್ರೆ ಒರೆಸ್ಕಬಹುದು ಅಣ್ಣ. ರೈನ್‌ಕೋಟ್ ಹಾಕ್ಬಹುದು. ಮುಳುಗಿದ್ರೆ?"

ಒಳಗಿಂದ ದುಗ್ಗಮ್ಮ ಬಂದರು. ಅವರು ಕೆರಿಯಪ್ಪನವರ ಹೆಂಡತಿ, ಜಗಳವನ್ನು ಕೆಲಸಕ್ಕೆ ತಿರುಗಿಸುವುದರಲ್ಲಿ ಜಾಣೆ. "ಮಾತೆಂತಕ್ಕೆ? ಆ ದೋಣಿನ ಇಲ್ಲಿಗೇ ತರಿಸಿ, ಗಾಳಿ ಹೊತ್ತಲ್ಲಿ ನೋಡಿ," ಎಂದರು.

ಪುಷ್ಪಮ್ಮ ಒಂದು ಷರತ್ತು ಹಾಕಿದರು. "ಖಾಲಿ ದೋಣಿ ನೋಡಂಗಿಲ್ಲ. ನೀವು ದಾಟುವಾಗ ಎಷ್ಟು ಭಾರ ಇರ್ತದೋ ಅಷ್ಟನ್ನೂ ಹಾಕಿ ನೋಡ್ಬೇಕು. ಜನ ಬೇಡ, ಮರಳಿನ ಚೀಲ ಹಾಕಿ."

ದೋಣಿ ಮಾರುವ ಸುನಿಲ್ ಒಪ್ಪಿದ, ಲಾರಿಯಲ್ಲಿ ದೋಣಿ ತಂದ. ಹಾರೆಗುಡ್ಡೆಯ ಅರ್ಧ ಊರು ದಡದಲ್ಲಿ ಸೇರಿತು. ದುಗ್ಗಮ್ಮನಿಗೆ ತಮಾಷೆ. ಒಂದೊಂದು ಚೀಲಕ್ಕೂ ಮನೆಯವರ ತೂಕದಷ್ಟು ಮರಳು ತುಂಬಿಸಿ ಕುರ್ಚಿಯಲ್ಲಿ ಕೂರಿಸಿದರು. "ಇದು ನಾನು. ಸ್ವಲ್ಪ ಜಾಸ್ತಿನೇ ಹಾಕಿ, ಸುಳ್ಳು ಹೇಳಬಾರ್ದು. ಇದು ಪುಷ್ಪ. ಅಂಚಿನ ಕುರ್ಚಿ ನಮ್ಮ ಭವ್ಯಂದು, ಅವಳಿಗೆ ಗಾಳಿ ಬೇಕು," ಎಂದರು. ದಡದಲ್ಲಿ ನಿಂತ ಭವ್ಯಾ ತನ್ನ ಚೀಲ ನೋಡಿ ನಕ್ಕಳು.

ಪುಷ್ಪಮ್ಮ ನೀರಿನಲ್ಲಿ ತೇಲಿಸುವ ಲೈಫ್ ಜಾಕೆಟ್ ಚಾಚಿದಾಗ ಕೆರಿಯಪ್ಪನವರು ಕೈ ಕೊಡವಿದರು. "ಈಜು ಬರೋನಿಗೆ ಇದೆಂತಕ್ಕೆ?"

"ಬೀಳುವಾಗ ತಲೆ ಬೊಡ್ಡೆಗೆ ಹೊಡೆದ್ರೆ ಈಜೋದು ಯಾರು ಅಣ್ಣ?"

ನೀರಿನಡಿ ಮುಳುಗಿದ ಕಾಡಿನ ಬೊಡ್ಡೆಗಳು ಎಲ್ಲರಿಗೂ ಗೊತ್ತು. ಕೆರಿಯಪ್ಪ ಗೊಣಗುತ್ತಲೇ ಜಾಕೆಟ್ ಹಾಕಿಕೊಂಡರು. ಸುನಿಲ್ ಇಂಜಿನ್ ಹಿಡಿದ, ರಾಜೇಂದ್ರ ಹಿಂದೆ ಕೂತ. ದಡದಿಂದ ಬಹಳ ದೂರ ಹೋಗಬಾರದೆಂದು ಮಾತಾಯಿತು.

ಮೊದಲಿಗೆ ಏನೂ ಆಗಲಿಲ್ಲ. ಕೆರಿಯಪ್ಪನವರು ಕುರ್ಚಿಯಿಂದಲೇ ದಡದ ಕಡೆ ಕೈ ಬೀಸಿದರು. ಗುಡ್ಡದ ಮರೆ ದಾಟಿದ ಕೂಡಲೇ ಗಾಳಿ ಸಿಕ್ಕಿತು. ಚಪ್ಪಟೆ ಮೂತಿ ಅಲೆಯನ್ನು ಸೀಳುವ ಬದಲು ಅದರ ಮೇಲೆ ಪಟಪಟ ಬಡಿಯತೊಡಗಿತು. ಸುನಿಲ್ ಹೆದರಿ ತಿರುಗಿಸಹೋದ. ದೋಣಿ ಅಡ್ಡಲಾಯಿತು, ಗಾಳಿ ಮಾಡನ್ನು ತಳ್ಳಿತು, ಒಂದು ಕಡೆಯ ಅಂಚು ನೀರಿಗೆ ಮುಟ್ಟಿತು. ಅಂಚಿನ ಕುರ್ಚಿಯಲ್ಲಿದ್ದ ಚೀಲ ಜಾರಿ ಸೀದಾ ನೀರಿಗೆ ಬಿತ್ತು. ಒಂದು ಗುಳ್ಳೆ ಎದ್ದಿತು, ಅಷ್ಟೆ.

ಅದು ಭವ್ಯಾಳ ಚೀಲ. ಭವ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ದಡದಲ್ಲೇ ಕೂತುಬಿಟ್ಟಳು.

ಹೇಗೋ ದೋಣಿ ದಡ ಸೇರಿತು. ಮೊಣಕಾಲುದ್ದ ನೀರು ಒಳಗಿತ್ತು. ಕೆರಿಯಪ್ಪನವರಿಗೆ ನಿಜವಾಗಿ ಭಯವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. "ಹುಡುಗಿ ಕೂರೋ ಜಾಗ ಅದು," ಎಂದಷ್ಟೇ ಹೇಳಿದರು.

ಸುನಿಲ್ ಪಾಪ, ಮೋಸಗಾರನಲ್ಲ. "ಹೊಳೇಲಿ ಇದು ಎಂದೂ ಹಿಂಗೆ ಮಾಡಿಲ್ಲ ಅಮ್ಮ," ಎಂದ.

"ಹೊಳೆಗೆ ಮಾಡಿದ್ದು, ಹೊಳೇಲೇ ಇರಲಿ ಬಿಡಪ್ಪ," ಎಂದರು ಪುಷ್ಪಮ್ಮ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮುನ್ನೂರು ಸಲ ಹೇಳುವ ನಾವು, ದೋಣಿಯ ಬಣ್ಣ ನೋಡಿದಾಗ ಮಾತ್ರ ಮರೆಯುತ್ತೇವೆ.

"ಹಂಗಾರೆ ಎಂಥದ್ದು ತಗಳ್ಳದು?" ಈಗ ಕೇಳಿದವರು ಕೆರಿಯಪ್ಪನವರೇ.

ಪುಷ್ಪಮ್ಮ ತಮ್ಮ ಸಂಘದ ದೋಣಿಯ ಹತ್ತಿರ ಕರೆದುಕೊಂಡು ಹೋದರು. "ಇದರ ಮೂತಿ ನೋಡಿ, ನೇಗಿಲಿನಂಗೆ ಚೂಪು. ತಳ ನಡುವೆ ಇಳಿದಿದೆ, ಅಲೆನ ಸೀಳ್ತದೆ. ಅಂಚು ಎತ್ತರ. ಕುರ್ಚಿ ಇಲ್ಲ, ತಗ್ಗಿನ ಹಲಗೆ. ಭಾರ ಕೆಳಗಿದ್ದಷ್ಟೂ ವಾಲೋದು ಕಮ್ಮಿ. ಹಲಗೆ ಅಡಿಗೆ ಫೋಮ್ ತುಂಬಿ ಮುಚ್ಚಿದಾರೆ, ನೀರು ತುಂಬಿದ್ರೂ ಮುಳುಗಲ್ಲ, ಹಿಡ್ಕಂಡು ತೇಲ್ಬಹುದು. ಎಷ್ಟು ಜನ, ಎಷ್ಟು ಭಾರ, ಎಷ್ಟು ದೊಡ್ಡ ಇಂಜಿನ್ ಅಂತ ಮಾಡಿದವ್ರೇ ಇಲ್ಲಿ ಬರೆದಿರ್ತಾರೆ. ಅದನ್ನ ಮೀರಂಗಿಲ್ಲ."

"ಈ ಕೆಂಪು ದಾರ ಎಂತಕ್ಕೆ ಅಕ್ಕ?" ಎಂದು ರಾಜೇಂದ್ರ ಕೇಳಿದ.

"ಒಂದು ತುದಿ ಇಂಜಿನ್‌ಗೆ, ಇನ್ನೊಂದು ಓಡ್ಸೋರ ಕೈಗೆ ಕಟ್ಟೋದು. ಅವ್ರು ಬಿದ್ರೆ ದಾರ ಕಿತ್ತು ಇಂಜಿನ್ ನಿಲ್ತದೆ. ಇಲ್ದಿದ್ರೆ ದೋಣಿ ತಿರುಗಿ ಬಂದು ಬಿದ್ದವ್ರ ಮೇಲೇ ಹಾಯ್ತದೆ."

ದುಗ್ಗಮ್ಮ ಮೆಲ್ಲಗೆ ಕೇಳಿದರು: "ಹಿರಿಯರನ್ನ ಅಷ್ಟು ತಗ್ಗಲ್ಲಿ ಕೂರ್ಸೋದು ಚಂದ ಅಲ್ವಲ್ಲೇ?"

"ಮರ್ಯಾದೆ ದಡದಲ್ಲಿ ಮಾಡಾಣ ಅತ್ತಿಗೆ," ಎಂದು ಪುಷ್ಪಮ್ಮ ನಕ್ಕರು.

ಅಂಥದ್ದೇ ಒಂದು ದೋಣಿ ಕರಾವಳಿ ಕಡೆಯಿಂದ ಬಂತು. ನೋಡಲು ಚಂದವಿಲ್ಲ, ಬಣ್ಣವೂ ಮಂಕು. ಅದನ್ನೂ ಗಾಳಿಯ ಹೊತ್ತಿನಲ್ಲಿ, ಚೀಲ ತುಂಬಿಯೇ ನೋಡಿದರು. ಕುಲುಕಿತು, ಎರಚಿತು, ಆದರೆ ಒಂದು ಚೀಲವೂ ಜಾಗ ಬಿಡಲಿಲ್ಲ. ಜೊತೆಗೆ ಆರು ಜಾಕೆಟ್, ಎರಡು ಹುಟ್ಟು, ನೀರು ಮೊಗೆಯಲು ಬಕೆಟ್ಟು, ಒಂದು ಉದ್ದ ಹಗ್ಗ, ಒಂದು ಸೀಟಿ.

ಭವ್ಯಾಗೆ ನೋವು ಬಂದದ್ದು ದಿನ ತುಂಬುವ ಮುಂಚೆ, ಒಂದು ಮಧ್ಯಾಹ್ನ. ಗಾಳಿ ಎದ್ದಿತ್ತು. ಬೇರೆ ಕೆಲಸವಾಗಿದ್ದರೆ ನಾಳೆ ಬೆಳಿಗ್ಗೆ ಎನ್ನಬಹುದಿತ್ತು, ಇದಕ್ಕೆ ಹಾಗೆನ್ನಲಾಗದು. ರಾಜೇಂದ್ರ 108ಕ್ಕೆ ಫೋನ್ ಮಾಡಿ ಆಚೆ ದಡಕ್ಕೆ ಬರಲು ಹೇಳಿದ. ದೋಣಿಯ ನಡುವೆ, ತಳದಲ್ಲೇ ಹಾಸಿಗೆ ಹಾಸಿದರು. ಪುಷ್ಪಮ್ಮ ಓಡಿ ಬಂದು ಭವ್ಯಾಳ ಜಾಕೆಟ್ಟಿನ ಪಟ್ಟಿಯನ್ನು ಹೊಟ್ಟೆಗೆ ಒತ್ತದ ಹಾಗೆ ಕಟ್ಟಿದರು. ರಾಜೇಂದ್ರ ಕೆಂಪು ದಾರ ಕೈಗೆ ಸುತ್ತಿಕೊಂಡ. ಕೆರಿಯಪ್ಪನವರು ಮೂತಿಯ ಹತ್ತಿರ ತಳದಲ್ಲಿ ಕೂತು ಕಣ್ಣು ಕಿರಿದು ಮಾಡಿದರು. ಬೊಡ್ಡೆಗಳು ಎಲ್ಲೆಲ್ಲಿವೆ ಎಂಬುದು ಅವರಷ್ಟು ಇನ್ನಾರಿಗೂ ಗೊತ್ತಿಲ್ಲ.

"ಮೆಲ್ಲಗೆ. ಎಡಕ್ಕೆ ಬಾ. ಗುಡ್ಡದ ಮರೆಯಲ್ಲೇ ಹೋಗು," ಎಂದು ದಾರಿಯುದ್ದ ಹೇಳುತ್ತಿದ್ದರು. ನಡುನೀರಿನಲ್ಲಿ ಎಲ್ಲರೂ ತೊಯ್ದರು. ದುಗ್ಗಮ್ಮ ಬಕೆಟ್ಟಿನಲ್ಲಿ ನೀರು ಮೊಗೆದರು. ದೋಣಿ ಅಲೆಗೆ ಮೂತಿ ಕೊಟ್ಟು ಏರಿತು, ಇಳಿಯಿತು, ದಡ ಮುಟ್ಟಿತು. ಸಂಜೆ ಹೊಸನಗರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಬಾಣಂತಿಯನ್ನು ಮನೆಗೆ ಕರೆತರುವ ದಿನ ನೀರು ಕನ್ನಡಿಯ ಹಾಗಿತ್ತು. ದೋಣಿ ತಯಾರಿತ್ತು. ಮೊಮ್ಮಗಳನ್ನು ಎತ್ತಿಕೊಂಡ ಕೆರಿಯಪ್ಪನವರು ದೋಣಿಯನ್ನೂ ಜಾಕೆಟ್ಟುಗಳನ್ನೂ ನೋಡಿದರು.

"ರಾಜೇಂದ್ರ, ಜೀಪು ಮಾಡು. ಸುತ್ತಿಕಂಡು ಹೋಗಾಣ."

"ಅಪ್ಪಯ್ಯ, ನೀರು ಎಷ್ಟು ಸಮ ಐತೆ! ಅರ್ಧ ದಿನ ಎಂತಕ್ಕೆ ಜೀಪಲ್ಲಿ?"

"ಆರು ಜಾಕೆಟ್ ಐತೆ. ಇವಳ ಅಳತೇದು ಒಂದೂ ಇಲ್ಲ."

ಅರ್ಧ ದಿನ ಸುತ್ತಿಯೇ ಮಗು ಮನೆಗೆ ಬಂತು.

ಹಿನ್ನೀರಿನ ಅಣ್ಣಂದಿರೇ, ಅಕ್ಕಂದಿರೇ, ದೋಣಿ ಕೊಳ್ಳುವವರು ನೀವಾದರೆ ಬೆಳಗಿನ ಸಮ ನೀರಿನಲ್ಲಿ ನೋಡಿ ಮರುಳಾಗಬೇಡಿ. ಗಾಳಿಯಲ್ಲಿ, ಭಾರ ಹಾಕಿ, ದಡದ ಹತ್ತಿರ ನೋಡಿ. ಮಾಡು, ಕುರ್ಚಿ ಕೇಳಬೇಡಿ. ಎತ್ತರದ ಅಂಚು, ಅಲೆ ಸೀಳುವ ತಳ, ಮುಳುಗದ ಫೋಮ್ ಕೇಳಿ. ಎಂಥ ದೋಣಿಯಿದ್ದರೂ ಅಲೆಯ ತಲೆ ನೊರೆಯಿಂದ ಬೆಳ್ಳಗಾದ ದಿನ ಕಾಯುವುದಕ್ಕಾದರೆ ಕಾಯಿರಿ. ಇನ್ನು, ಹತ್ತುವ ಮುಂಚೆ ಜನರನ್ನೂ ಜಾಕೆಟ್ಟುಗಳನ್ನೂ ಎಣಿಸಿ. ಒಂದು ಕಡಿಮೆ ಬಿದ್ದರೆ, ದಡದಲ್ಲಿ ಉಳಿಯುವವರು ಯಾರು ಎಂದು ದಡದಲ್ಲೇ ತೀರ್ಮಾನಿಸಿ.