ಪೂಲಿನ ಮೇಲೆ ಹಾಸಿದ ಕಂಬಳಿ

ಘಟಪ್ರಭೆಯ ಮೇಲಿನ, ಊರವರು ಪೂಲ್ ಅನ್ನುವ ಆ ಹಳೇ ಉಕ್ಕಿನ ಸೇತುವೆಯ ತುದಿಯಲ್ಲೊಂದು ಕಲ್ಲಿದೆ. ಅದರ ಮೇಲೆ ಯಾವನೋ ಸಾಹೇಬನ ಹೆಸರು ಕೆತ್ತಿದ್ದಾರೆ. ಇರಲಿ ಬಿಡಿ, ಕಲ್ಲಿಗೇನು, ಯಾರ ಹೆಸರು ಕೆತ್ತಿದರೂ ಹೊತ್ತುಕೊಂಡು ನಿಲ್ಲುತ್ತದೆ. ಆದರೆ ಸೇತುವೆಯನ್ನು ಮೊದಲು ದಾಟಿದವಳು ತುಕ್ಕಾನಟ್ಟಿಯ ಕುರುಬರ ಶೆಟ್ಟೆವ್ವ. ಅದೂ ಸಾಹೇಬ ಬರುವುದಕ್ಕೆ ಒಂದು ದಿನ ಮೊದಲು.

ಮೊದಲ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸೇತುವೆ ಕಟ್ಟುವಾಗ ನಡುಹೊಳೆಯ ಕಂಬ ಎಷ್ಟು ಎಬ್ಬಿಸಿದರೂ ವಾಲುತ್ತಿತ್ತು. ಹೊಳೆ ಬಲಿ ಕೇಳುತ್ತಿದೆ ಎಂದು ಕಲ್ಲು ಕಟ್ಟುವ ಗೌಂಡಿಗಳು ಕೈಕಟ್ಟಿ ಕೂತರು. ಆಗ ಶೆಟ್ಟೆವ್ವನ ಗಂಡ ಬೀರಸಿದ್ದಪ್ಪ ತನ್ನ ಹಿಂಡಿನ ಟಗರನ್ನೇ ತಂದು ಕೊಟ್ಟ. ದುಡ್ಡು ಮುಟ್ಟಲಿಲ್ಲ. "ಪೂಲ್ ಆದ ಮ್ಯಾಲ ನಮ್ಮ ಕುರಿ ಮೊದಲ ದಾಟಬೇಕು, ಅಷ್ಟ" ಎಂದ. ಎಲ್ಲರೂ ಹೂಂ ಎಂದರು. ಟಗರನ್ನು ಬಲಿಕೊಟ್ಟು ಕಂಬದ ಬುಡದಲ್ಲಿ ಹೂತರು. ಕಂಬ ನಿಂತಿತು, ಅದರ ಮೇಲೆ ಉಕ್ಕಿನ ತೊಲೆಗಳು ಏರಿದವು. ಆಮೇಲೆ ಉದ್ಘಾಟನೆಗೆ ಬರಬೇಕಾದ ಸಾಹೇಬನಿಗೆ ಪುರಸೊತ್ತಾಗುವವರೆಗೆ ಸೇತುವೆಗೆ ಬಿದಿರಿನ ಅಡ್ಡಗಟ್ಟು ಬಿತ್ತು. ಆಷಾಢದ ಮೊದಲ ನೀರಿಗೆ, ಅದೇ ಸೇತುವೆಯ ನೆರಳಿನಲ್ಲಿ, ಮರಿಯೊಂದನ್ನು ಎತ್ತಿಕೊಂಡು ಹೊಳೆ ಹಾಯುತ್ತಿದ್ದ ಬೀರಸಿದ್ದಪ್ಪ ಕೊಚ್ಚಿಕೊಂಡು ಹೋದ.

ಈಗ ಶ್ರಾವಣ. ಧುಪದಾಳದ ಒಡ್ಡಿನ ಮೇಲೆ ನೀರು ಹಾರುತ್ತಿದೆ ಎಂಬ ಸುದ್ದಿ ಬರುವಷ್ಟರಲ್ಲಿ ಶೆಟ್ಟೆವ್ವನ ಹಿಂಡು ದಂಡೆಯ ತಗ್ಗಿನ ಹೊಲದಲ್ಲಿ ಸಿಕ್ಕಿಬಿದ್ದಿತ್ತು. ಹಿಂದೆ ತುಂಬಿದ ಹಳ್ಳ, ಮುಂದೆ ಹೊಳೆ. ಸಂಜೆಯೊಳಗೆ ದಾಟದಿದ್ದರೆ ಒಂದು ಕುರಿಯೂ ಉಳಿಯುವಂತಿರಲಿಲ್ಲ. ಅವಳು ಮೈದುನ ಕಲ್ಲಪ್ಪನನ್ನೂ ಗಂಟುಮೂಟೆ ಹೊತ್ತ ಕುದುರೆಯನ್ನೂ ಕರೆದುಕೊಂಡು ಹಿಂಡನ್ನು ನೇರ ಸೇತುವೆಗೆ ಹೊಡೆದಳು.

ಕಾವಲಿಗಿದ್ದ ಗುರುಲಿಂಗಪ್ಪ ಕಸಬರಿಗೆ ಹಿಡಿದು ಸೇತುವೆ ಗುಡಿಸುತ್ತಿದ್ದವನು ಓಡಿ ಬಂದು ಅಡ್ಡ ನಿಂತ.

"ಸಾಹೇಬ್ರು ನಾಳಿ ಬರ್ತಾರ ಬೇ. ಅವರಕಿಂತ ಮೊದಲ ಯಾರೂ ದಾಟಂಗಿಲ್ಲ. ಕುರಿಗಂತೂ ಎಂದೂ ಇಲ್ಲ, ಹುಕುಮ್ ಆಗೈತಿ."

"ನಡುಗಂಬದ ಬುಡಕ ಏನೈತ್ರಿ, ಗುರುಲಿಂಗಪ್ಪಣ್ಣ?"

ಗುರುಲಿಂಗಪ್ಪ ಕಸಬರಿಗೆಯನ್ನು ಕೆಳಗಿಟ್ಟ. ಬಲಿಯ ದಿನ ಅವನೂ ದಂಡೆಯಲ್ಲಿದ್ದ, ಮುಖ ಆಚೆ ತಿರುಗಿಸಿಕೊಂಡು.

"ಕುರಿ ಕೆಳಗ ಸಾಯಬೇಕು, ಮ್ಯಾಲ ನಡೀಬಾರದು. ಇದ್ಯಾವ ನ್ಯಾಯರಿ?"

"ನನ್ನ ನೌಕರಿ ಹೋಗ್ತೈತಿ ಬೇ."

"ನನ್ನ ಗಂಡನೇ ಹೋಗ್ಯಾನ. ಬಾಜೂಕ ಸರೀರಿ."

ಅವಳೇ ಬಿದಿರನ್ನು ಎತ್ತಿ ಬಿಸಾಕಿದಳು. ಗುರುಲಿಂಗಪ್ಪ ತಡೆಯಲೂ ಇಲ್ಲ, ಸರಿಯಲೂ ಇಲ್ಲ.

ಆದರೆ ಕುರಿಗಳು ಕೈಕೊಟ್ಟವು. ಮುಂದಿನ ಟಗರು ಸೇತುವೆಯ ಮರದ ಹಲಗೆಗೆ ಕಾಲಿಟ್ಟಿತು, ಸಂದಿಯಲ್ಲಿ ಕೆಂಪು ನೀರು ಓಡುವುದನ್ನು ಕಂಡಿತು, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅದು ನಿಂತ ಮೇಲೆ ಹಿಂದಿನವೂ ನಿಂತವು. ಹೊಡೆದರೂ ಇಲ್ಲ, ಕೊಂಬು ಹಿಡಿದು ಎಳೆದರೂ ಇಲ್ಲ.

"ನೋಡ ಬೇ, ನಿನ್ನ ಕುರಿಗೇ ಬ್ಯಾಡಾಗೈತಿ" ಎಂದ ಗುರುಲಿಂಗಪ್ಪ. ಅವನ ದನಿಯಲ್ಲಿ ಪೀಡೆ ತಪ್ಪಿದ ಸಮಾಧಾನವಿತ್ತು. ಶೆಟ್ಟೆವ್ವನಿಗೆ ಮೈಯೆಲ್ಲ ಉರಿಯಿತು. ಸರಕಾರದ ಜೊತೆ ಜಗಳವಾಡಿ ಗೆದ್ದು ಟಗರಿಗೆ ಸೋಲುವುದೇ?

ಹೆಗಲ ಮೇಲಿನ ಕಂಬಳಿಯನ್ನು ಎಳೆದು ಹಲಗೆಯ ಮೇಲೆ ಹಾಸಿದಳು. ನೀರು ಮರೆಯಾಯಿತು, ಟಗರು ಕಾಲಿಟ್ಟಿತು. ಕಲ್ಲಪ್ಪನೂ ತನ್ನ ಕಂಬಳಿ ಹಾಸಿದ. ಅದೂ ಮುಗಿದಾಗ ಟಗರು ಮತ್ತೆ ನಿಂತಿತು. ಹಿಂದಿನ ಕಂಬಳಿಗಳ ಮೇಲೆ ಕುರಿಗಳು ಒತ್ತಿಕೊಂಡು ನಿಂತಿದ್ದವು, ಎಳೆಯುವಂತಿರಲಿಲ್ಲ. ಇನ್ನು ಉಳಿದದ್ದು ಕುದುರೆಯ ಮೇಲಿನ ಗಂಟಿನಲ್ಲಿದ್ದ ಬೀರದೇವರ ಗದ್ದುಗೆಯ ಕಂಬಳಿ ಒಂದೇ. ಅದನ್ನು ಹಾಸಿ, ಭಂಡಾರವೆಂಬ ಅರಿಶಿನ ಹಾಕಿ, ದೇವರನ್ನು ಕೂರಿಸುತ್ತಾರೆ. ಮನುಷ್ಯರು ಅದನ್ನು ತುಳಿಯುವಂತಿಲ್ಲ.

ಶೆಟ್ಟೆವ್ವ ಗಂಟು ಬಿಚ್ಚಿದಳು.

"ವೈನಿ, ಅದು ದೇವರದು!" ಕಲ್ಲಪ್ಪ ಹೌಹಾರಿದ.

"ಅಂವನೂ ಕುರಿ ಕಾಯಾಂವನ, ಕಲ್ಲಪ್ಪ. ಕುರಿ ಮುಳುಗಿದ ಮ್ಯಾಲ ಅಂವಗ ಗದ್ದಿಗಿ ಯಾಕ?"

ಕಂಬಳಿಯನ್ನು ಹಣೆಗೆ ಒತ್ತಿಕೊಂಡು, ಆಮೇಲೆ ಹಾಸಿದಳು. ಹಳದಿ ಭಂಡಾರದ ಕಂಬಳಿಯ ಮೇಲೆ ಟಗರು ನಡೆಯಿತು. ಈಗ ಅದನ್ನು ಟಗರಿನ ಹಿಂದಿನಿಂದ ಮುಂದಕ್ಕೆ ತಂದು ಹಾಸುತ್ತ ಹೋಗಬೇಕಿತ್ತು. ಉಳಿದವು ಮುಂದಿನದರ ಬಾಲ ನೋಡಿಕೊಂಡು ಬರುತ್ತವೆ, ಕುರಿ ಅಂದರೆ ಅಷ್ಟೇ. ಆದರೆ ಕಲ್ಲಪ್ಪ ಹಿಂಡಿನ ನಡುವೆ ಸಿಕ್ಕಿಕೊಂಡಿದ್ದ, ಕಂಬಳಿಯ ಇನ್ನೊಂದು ತುದಿ ಹಿಡಿಯುವವರಿಲ್ಲ. ಗಾಳಿಗೆ ಅದು ಹೊಳೆಯ ಕಡೆ ಹಾರಿತು.

ಒಂದು ಕೈ ಬಂದು ತುದಿ ಹಿಡಿಯಿತು. ಗುರುಲಿಂಗಪ್ಪ. ಕಾಲಿನ ಕೆರ ಅತ್ತ ಬಿಟ್ಟು ಬಂದಿದ್ದ.

ಇಬ್ಬರೂ ಆ ದಂಡೆಯವರೆಗೆ ಹಾಸುತ್ತ ಹೋದರು. ನಡುಗಂಬದ ಮೇಲೆ ಶೆಟ್ಟೆವ್ವ ಒಂದು ಗಳಿಗೆ ನಿಂತಳು. ಗಂಡನನ್ನು ಬೈದಳೋ, ಕರೆದಳೋ, ಹೊಳೆಯ ಸದ್ದಿನಲ್ಲಿ ಗುರುಲಿಂಗಪ್ಪನಿಗೆ ಕೇಳಲಿಲ್ಲ. ಕೊನೆಯ ಕುರಿ ಇಳಿದಾಗ ಅವಳು ಅತ್ತಳು, ಮರೆಮಾಚಲೂ ಇಲ್ಲ.

ಗುರುಲಿಂಗಪ್ಪ ಹಿಂತಿರುಗಿ ನೋಡಿದ. ಹೊಸ ಸೇತುವೆಯ ಉದ್ದಕ್ಕೂ ಕುರಿಹಿಕ್ಕೆ. ಅವಸರದಿಂದ ಕಸಬರಿಗೆ ತರಲು ಹೊರಟ.

"ಗುಡಿಸಬ್ಯಾಡ್ರಿ" ಎಂದಳು ಶೆಟ್ಟೆವ್ವ. "ಯಾರು ಮೊದಲ ದಾಟ್ಯಾರಂತ ಸಾಹೇಬ ನೋಡ್ಲಿ. ಕೇಳಿದ್ರ ನನ್ನ ಹೆಸರ ಹೇಳ್ರಿ. ತುಕ್ಕಾನಟ್ಟ್ಯಾಗ ಇರ್ತೇನಿ."

ದೇವರ ಕಂಬಳಿಯನ್ನು ಝಾಡಿಸದೆ, ಗೊರಸಿನ ಗುರುತಿನ ಸಮೇತ ಮಡಚಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಗುರುಲಿಂಗಪ್ಪ ಈ ದಂಡೆಗೆ ಬಂದು ಕಸಬರಿಗೆ ಎತ್ತಿಕೊಂಡ, ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತ, ಆಮೇಲೆ ಅದನ್ನು ಹೊಳೆಗೆ ಎಸೆದ.